ಗೋಮತಿಯ ಎಡಗೆನ್ನೆ

ಎಲ್ಲರಿಗೂ ನಮಸ್ಕಾರ.

ಮುಂದೆ ಚಾಪೆಯ ಮೇಲೆ ಕುಳಿತಿರುವ ಕಮಲಾತಾಳ್ ಅಮ್ಮನವರೇ — ಅಮ್ಮ, ನಿಮಗೆ ಅಂತಲೇ ಕುರ್ಚಿ ಹಾಕಿದ್ದೆವು, ನೀವು ಒಪ್ಪಲಿಲ್ಲ — ಗೋಮತಿಯ ತಮ್ಮ ಸೆಂದಿಲ್ ಕುಮಾರ್ ಅವರೇ, ಅವಳ ಊರು ಕಾಂಗೇಯಂನಿಂದ ವ್ಯಾನು ಮಾಡಿಕೊಂಡು ಬಂದಿರುವ ಬಂಧುಗಳೇ, ನಮ್ಮ ಶಾಲೆಯ ಶಿಕ್ಷಕರೇ, ಮಕ್ಕಳೇ. ಇವತ್ತು ಈ ಶೆಡ್ಡನ್ನು ನಮಗೆ ಬಿಟ್ಟುಕೊಟ್ಟು, ಲೇತ್ ಮೆಷಿನುಗಳನ್ನೆಲ್ಲ ನಿಲ್ಲಿಸಿರುವ ದಂಡಪಾಣಿಯವರೇ, ಅವರ ಕೆಲಸಗಾರರೇ. ಈ ಗಣಪತಿ ಬಡಾವಣೆಯಲ್ಲಿ ಹಗಲು ಹೊತ್ತಿನಲ್ಲಿ ಇಷ್ಟು ನಿಶ್ಶಬ್ದವನ್ನು ನಾನು ಕಂಡಿರಲಿಲ್ಲ. ಗೋಮತಿ ಇದ್ದಿದ್ದರೆ ತಾನು ಬಾಡಿಗೆಗಿದ್ದ ಈ ಮೇಲಿನ ಕೋಣೆಯಿಂದ ಇಣುಕಿ, "ಏನಣ್ಣಾ, ಕರೆಂಟ್ ಹೋಯ್ತಾ?" ಎಂದು ಕೇಳುತ್ತಿದ್ದಳು.

ನಾನು ಮೇರಿ. ಕೊಳ್ಳೇಗಾಲದವಳು. ಗೋಮತಿ ಮತ್ತು ನಾನು ಒಂದೇ ಶಾಲೆಯಲ್ಲಿ ಡ್ರಾಯಿಂಗ್ ಟೀಚರುಗಳು. ನಾನು ಮಕ್ಕಳಿಗೆ ಮಾವಿನ ಹಣ್ಣು, ಹೂಜಿ ಬರೆಯಲು ಕಲಿಸುವವಳು. ಅವಳು — ಅವಳು ಕಲಾವಿದೆ. ಈ ವ್ಯತ್ಯಾಸ ನನಗೆ ಮೊದಲ ವಾರದಲ್ಲೇ ಗೊತ್ತಾಯಿತು, ಅದಕ್ಕಾಗಿ ಸ್ವಲ್ಪ ಹೊಟ್ಟೆಯನ್ನೂ ಉರಿಸಿಕೊಂಡೆ. ಆಮೇಲೆ ಅವಳ ಜೊತೆ ಊಟದ ಡಬ್ಬಿ ಹಂಚಿಕೊಳ್ಳಲು ಶುರುಮಾಡಿದೆ. ಅವಳ ಅಮ್ಮ ಕಳಿಸಿದ ತೆಂಗಿನಕಾಯಿ ಚಟ್ನಿ ತಿಂದ ಮೇಲೆ ಹೊಟ್ಟೆ ಉರಿಯಲು ಸಾಧ್ಯವಿಲ್ಲ.

ಇವತ್ತು ನಾನು ಕನ್ನಡದಲ್ಲಿ ಮಾತಾಡುತ್ತಿದ್ದೇನೆ. ಅದು ಕಮಲಾತಾಳ್ ಅಮ್ಮನ ಅಪ್ಪಣೆ. "ಟೀಚರ್, ಅವಳ ಎಕ್ಸಿಬಿಷನ್ನಿಗೆ ಹೋದಾಗೆಲ್ಲ ಪೆರಿಯ ಪೆರಿಯ ಮಾತು ಹೇಳ್ತಾರೆ. ನಂಗೆ ಒಂದೂ ತಲೆಗೆ ಹೋಗಲ್ಲ. ನೀವಾದ್ರೂ ನಮ್ಮ ಮಾತಲ್ಲಿ ಹೇಳ್ರೀಂಗ" ಅಂದರು. ನಮ್ಮ ಮಾತು — ತಲೆಮಾರುಗಳಿಂದ ತಮಿಳು ಸೀಮೆಯಲ್ಲಿದ್ದರೂ ಮನೆಯೊಳಗೆ ಕನ್ನಡವಾಡುವ ಈ ಮನೆಯವರು ಕನ್ನಡಕ್ಕೆ ಹಾಗೇ ಹೇಳುವುದು. ಗೋಮತಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿರಲಿಲ್ಲ, ಆದರೆ ನನ್ನ ಕನ್ನಡ ಕೇಳಿ ನಗುವಷ್ಟು ಚೆನ್ನಾಗಿ ಬರುತ್ತಿತ್ತು. "ನಿಮ್ದು ರೇಡಿಯೋದಲ್ಲಿ ಬರೋ ಕನ್ನಡ ಅಕ್ಕಾ" ಎನ್ನುತ್ತಿದ್ದಳು. ತಮಿಳು ಮಾತ್ರ ಬರುವವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಕೇಳಿ. ಅರ್ಥವಾಗದೆ ಹೋದರೆ ಪಕ್ಕದವರನ್ನು ಕೇಳಿ.

ಬಂದವರೆಲ್ಲ ನನ್ನ ಹಿಂದೆ ನೋಡುತ್ತಿದ್ದೀರಿ. ನನಗೆ ಗೊತ್ತು. ದೀಪ ಇದೆ, ಹೂವಿನ ಹಾರ ತಟ್ಟೆಯಲ್ಲಿದೆ. ಫೋಟೋ ಎಲ್ಲಿ? ಫೋಟೋ ಇರಬೇಕಾದ ಜಾಗದಲ್ಲಿ ಏನನ್ನೋ ಒಂದು ಹಳೇ ನೂಲಿನ ಸೀರೆಯಿಂದ ಮುಚ್ಚಿದ್ದಾರೆ — ಇದೇನು? ಹೇಳುತ್ತೇನೆ. ಅದನ್ನು ಹೇಳಲಿಕ್ಕೇ ನಿಂತಿರುವುದು.

ಗೋಮತಿಯ ಫೋಟೋ ಇಲ್ಲ. ನಿಜವಾಗಿಯೂ ಇಲ್ಲ. ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ ತಲೆನೋವು ಎಂದು ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಸೆಂದಿಲ್ ತನ್ನ ಫೋನು, ಹೆಂಡತಿಯ ಫೋನು, ನಮ್ಮೆಲ್ಲರ ಫೋನು ಹುಡುಕಿದರು. ಒಂದರಲ್ಲಿ ಗೋಮತಿ ಕೈ ಅಡ್ಡ ಹಿಡಿದಿದ್ದಾಳೆ. ಇನ್ನೊಂದರಲ್ಲಿ ತಟಕ್ಕನೆ ಆಚೆ ತಿರುಗಿದ್ದಾಳೆ. ಸೆಂದಿಲ್ ಅವರ ಮದುವೆಯ ಗ್ರೂಪ್ ಫೋಟೋದಲ್ಲಿ ಅವಳ ಜಡೆ ಇದೆ, ಮಲ್ಲಿಗೆ ಇದೆ — ಅವಳಿಲ್ಲ. ಕೊನೆಗೆ ಉಳಿದದ್ದು ಆಧಾರ್ ಕಾರ್ಡಿನ ಫೋಟೋ. ಆ ಫೋಟೋದ ವಿಷಯ ನಿಮಗೇ ಗೊತ್ತು, ಅದರಲ್ಲಿ ನಾವೆಲ್ಲ ಒಂದೇ ಥರ ಇರುತ್ತೇವೆ, ಈಗಷ್ಟೇ ಪೊಲೀಸರು ಹಿಡಿದು ತಂದವರ ಹಾಗೆ. ಅದನ್ನೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ತಂದರು. ಅಮ್ಮ ನೋಡಿದರು. "ಇದು ನನ್ನ ಪುಳ್ಳೆ ಅಲ್ಲ" — ನನ್ನ ಮಗು ಅಲ್ಲ — ಅಂದರು. ಅಷ್ಟೇ. ಗೋಡೆಯ ಕಡೆ ತಿರುಗಿಸಿಟ್ಟರು.

ಅವಳು ಯಾಕೆ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ? ಈಗ ಹೇಳುವ ಮಾತನ್ನು ಅಮ್ಮನನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳ್ರೀಂಗ ಟೀಚರ್, ಎಲ್ಲಾರೂ ಕೇಳ್ಲಿ" ಅಂದಿದ್ದಾರೆ.

ಗೋಮತಿಯನ್ನು ಕಂಡವರಿಗೆಲ್ಲ ಗೊತ್ತು, ಅವಳ ಎಡಗೆನ್ನೆಯಲ್ಲಿ — ಇಲ್ಲಿ, ಈ ಕಿವಿಯ ಕೆಳಗಿಂದ ಹಿಡಿದು ಹೀಗೆ ದವಡೆಯವರೆಗೆ — ಒಂದು ಹುಟ್ಟುಮಚ್ಚೆ ಇತ್ತು. ವೀಳ್ಯದೆಲೆಯಷ್ಟು ಅಗಲ, ನೇರಳೆ ಬಣ್ಣ. ಚಿಕ್ಕವಳಿದ್ದಾಗ ಪ್ರತಿ ಶುಕ್ರವಾರ ಎಣ್ಣೆಸ್ನಾನ. ಎಣ್ಣೆ ಗಿರಣಿಯ ಮನೆ, ಎಣ್ಣೆಗೇನು ಕೊರತೆ! ಅಮ್ಮ ಮಗಳನ್ನು ಮಣೆಯ ಮೇಲೆ ಕೂರಿಸಿ, ತಾವು ಹಿಂದೆ ಕುಳಿತು, ನೆತ್ತಿಯಿಂದ ಶುರುಮಾಡಿ ಎಣ್ಣೆ ಹಚ್ಚುವುದು, ಆಮೇಲೆ ಅರಪ್ಪು ಹಾಕಿ ತಿಕ್ಕುವುದು. ಅರಪ್ಪು ಈ ಸೀಮೆಯವರಿಗೆಲ್ಲ ಗೊತ್ತು, ನಮ್ಮ ಕಡೆಯವರಿಗೆ ಗೊತ್ತಿಲ್ಲ — ಎಣ್ಣೆಯ ಜಿಡ್ಡು ತೆಗೆಯಲು ಹಾಕುವ ಒಂದು ಹಸಿರು ಎಲೆಪುಡಿ, ಸೀಗೇಕಾಯಿಯ ಹಾಗೆ. ಮೈಯೆಲ್ಲ ತಿಕ್ಕಿ ಮುಗಿದ ಮೇಲೆ ಎಡಗೆನ್ನೆಗೆ ಇನ್ನೊಂದು ಹಿಡಿ ಅರಪ್ಪು. ತಿಕ್ಕಿ ತಿಕ್ಕಿ, ತಿಕ್ಕಿ ತಿಕ್ಕಿ — ಹೋದೀತೇನೋ ಎಂದು. ಕೆನ್ನೆ ಕೆಂಪಾಗುತ್ತಿತ್ತೇ ಹೊರತು ಮಚ್ಚೆ ಹೋಗಲಿಲ್ಲ.

ನಾನೊಮ್ಮೆ ತಮಾಷೆಗೆ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ ಗೋಮತಿ" ಎಂದೆ. ಅವಳು ತಟ್ಟನೆ, "ಹೆಗ್ಗಣಾನ ಯಾರೂ ತಿಕ್ಕಿ ಬೆಳ್ಳಗೆ ಮಾಡಕ್ಕೆ ಹೋಗಲ್ಲ ಅಕ್ಕಾ" ಎಂದಳು. ನಕ್ಕೆವು. ಆಮೇಲೆ ಅವಳು ಊಟದ ಡಬ್ಬಿ ಮುಚ್ಚಿದಳು.

ಮದುವೆಯ ವಯಸ್ಸು ಬಂತು. ಅಮ್ಮ ಮಗಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋದರು. "ಮಚ್ಚ ಕಾಣಬಾರದು" ಎಂದು ಹೇಳಿದರು. ಸ್ಟುಡಿಯೋದವನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಚ್ಚೆ ತೆಗೆದ. ಆ ಫೋಟೋ ಊರೂರು ತಿರುಗಿತು. ಒಂದು ಮನೆಯವರು ಒಪ್ಪಿ ಹೆಣ್ಣು ನೋಡಲು ಬಂದರು. ಗೋಮತಿ ಕಾಫಿ ತಟ್ಟೆ ಹಿಡಿದು ಬಂದಳು. ಹುಡುಗನ ಅತ್ತೆ ಫೋಟೋ ನೋಡಿದಳು, ಇವಳ ಕೆನ್ನೆ ನೋಡಿದಳು, ಫೋಟೋ ನೋಡಿದಳು — ಎಲ್ಲರೂ ಎದ್ದರು. ಕಾಫಿ ಮುಟ್ಟಲಿಲ್ಲ.

ಇದನ್ನೂ ಅವಳು ನಗುತ್ತಲೇ ಹೇಳಿದ್ದು. "ನಮ್ಮ ಕಾಂಗೇಯಂ ಎತ್ತು ವಾಂಗೋಕೆ ಬಂದವರೂ ಸುಳಿ ಸರಿಯಿಲ್ಲ ಅಂದ್ಮೇಲೆ ಒಂದು ಲೋಟ ಮಜ್ಜಿಗೆ ಕುಡ್ದು ಹೋಗ್ತಾರೆ ಅಕ್ಕಾ. ಇವರು ಅದೂ ಕುಡೀಲಿಲ್ಲ!"

ಆ ಫೋಟೋವನ್ನು ಗೋಮತಿ ಅವತ್ತೇ ಹರಿದುಹಾಕಿದಳು. ಅಂದಿನಿಂದ ಫೋಟೋ ಇಲ್ಲ. ಮದುವೆಯ ಮಾತೂ ಇಲ್ಲ. ಚಿತ್ರ ಬಂತು.

ಅವಳ ಚಿತ್ರ ಹೇಗೆ ಎಂದು ಈ ಶೆಡ್ಡಿನವರಿಗೆ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಕುಂಚ ಇಲ್ಲ, ಬಣ್ಣ ಇಲ್ಲ. ಮನೆಯ ಗಿರಣಿಯ ಕೊಬ್ಬರಿ ಎಣ್ಣೆಯನ್ನು ಮೈಗೆ ಹಚ್ಚಿಕೊಂಡು, ದಪ್ಪ ಬಿಳಿ ಕಾಗದಕ್ಕೆ ಮೈಯನ್ನೇ ಒತ್ತುವುದು. ಕೈ, ಮೊಣಕಾಲು, ಪಾದ, ಹೊಟ್ಟೆ. ಕಾಗದದ ಮೇಲೆ ಏನೂ ಕಾಣುವುದಿಲ್ಲ, ಬೆಳಕಿಗೆ ಎತ್ತಿ ಹಿಡಿದರೆ ಮಾತ್ರ ಎಣ್ಣೆ ಮುಟ್ಟಿದ ಜಾಗ ಹೊಳೆಯುತ್ತದೆ. "ಫೋಟೋ ದೂರ ನಿಂತ್ಕೊಂಡು ತೆಗೆಯೋದು ಅಕ್ಕಾ. ಇದು ಮುಟ್ಟಿದ್ರೆ ತಾನ್ ಬರೋದು" ಎನ್ನುತ್ತಿದ್ದಳು. ಬೆನ್ನಿನ ಅಚ್ಚು ಮಾತ್ರ ಒಬ್ಬರೇ ತೆಗೆದುಕೊಳ್ಳಲು ಆಗುವುದಿಲ್ಲ. ಅದಕ್ಕೆ ನಾನು ಬೇಕಿತ್ತು. ಮೇಲಿನ ಕೋಣೆಯ ಕಿಟಕಿ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿ, ಅವಳ ಬೆನ್ನಿಗೆ ಕಾಗದ ಹಿಡಿದು ಎರಡೂ ಅಂಗೈಯಿಂದ ಒತ್ತುತ್ತಿದ್ದೆ. ಕೆಳಗೆ ಲೇತ್ ತಿರುಗುತ್ತಿತ್ತು. ನಾನು ಶಿಲುಬೆ ಗುರುತು ಹಾಕಿಕೊಳ್ಳುವ ಮನೆಯಿಂದ ಬಂದವಳು. ಮೊದಲ ದಿನ ನಾಚಿಕೆಯಿಂದ ಸತ್ತೇಹೋದೆ. ಆಮೇಲಾಮೇಲೆ ಅದು ಹಪ್ಪಳ ಒತ್ತುವ ಕೆಲಸದಷ್ಟೇ ಸಹಜವಾಯಿತು.

ಈಗ ಹಸಿರು ಹೇಗೆ ಬಂತು ಎನ್ನುವ ಕತೆ. ಸೆಂದಿಲ್ ಆಗಲೇ ನಗುತ್ತಿದ್ದಾರೆ ನೋಡಿ.

ಒಂದು ಸಲ ಗೋಮತಿ ಅಚ್ಚು ತೆಗೆದ ಕಾಗದಗಳನ್ನು ಸುತ್ತಿ ಕಾಂಗೇಯಂನ ಮನೆಯಲ್ಲಿಟ್ಟು, ಎಣ್ಣೆ ತರಲು ಗಿರಣಿಗೆ ಹೋದಳು. ಅಮ್ಮ ಸುರುಳಿ ಬಿಚ್ಚಿದರು. ನೋಡಿದರೆ ಕಾಗದವೆಲ್ಲ ಎಣ್ಣೆ! ಅಯ್ಯೋ, ಎಣ್ಣೆ ಕ್ಯಾನು ಸೋರಿ ಮಗಳು ದುಡ್ಡು ಕೊಟ್ಟು ತಂದ ಕಾಗದ ಹಾಳಾಯಿತಲ್ಲ ಎಂದುಕೊಂಡರು. ಎಣ್ಣೆ ಮನೆಯ ಹೆಂಗಸು ಎಣ್ಣೆ ಚೆಲ್ಲಿದರೆ ಏನು ಮಾಡುತ್ತಾಳೆ? ಅರಪ್ಪು. ಡಬ್ಬಿ ತಂದು ಕಾಗದದ ತುಂಬ ಅರಪ್ಪು ಉದುರಿಸಿದರು. ಜಿಡ್ಡು ಹೀರಲಿ ಎಂದು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಎತ್ತಿ ಕೊಡವಿದರು.

ಕೊಡವಿದರೆ — ಎಣ್ಣೆ ಇದ್ದ ಕಡೆಯೆಲ್ಲ ಪುಡಿ ಕಚ್ಚಿಕೊಂಡು, ಹಸಿರಾಗಿ, ಭುಜ, ಬೆನ್ನಿನ ಹುರಿ, ಸೊಂಟ... ಮಗಳು ಎದ್ದು ನಿಂತಳು!

ಅಮ್ಮ ಕಿರುಚಿದ್ದು ಗಿರಣಿಯವರೆಗೂ ಕೇಳಿಸಿತಂತೆ. ಕೊಬ್ಬರಿ ಒಣಗಿಸುವವರು ಓಡಿ ಬರುವಷ್ಟರಲ್ಲಿ ಹಗ್ಗದ ಮೇಲಿದ್ದ ತಮ್ಮ ಸೀರೆ ಎಳೆದು ಚಿತ್ರಕ್ಕೆ ಹೊದಿಸಿಬಿಟ್ಟಿದ್ದರು. ಕಾಗದಕ್ಕೆ ಸೀರೆ ಉಡಿಸಿದ ತಾಯಿಯನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಗೋಮತಿ ಬಂದು, ಅದು ನಾನೇ ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳಂತೆ. ತಲೆ ಇಲ್ಲ, ಮುಖ ಇಲ್ಲ, ಬರೀ ಬೆನ್ನು. ಅಮ್ಮ ಗದರಿದರಂತೆ: "ನಾನ್ ಎಣ್ಣೆ ಹಚ್ಚಿದ ಬೆನ್ನು ನಂಗೆ ತೆರಿಯಲ್ವಾ?"

ಅವತ್ತು ಗೋಮತಿ ನನಗೆ ಫೋನ್ ಮಾಡಿದಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಅಕ್ಕಾ, ಅಮ್ಮ ನನ್ನನ್ನ ಕಂಡುಹಿಡಿದುಬಿಟ್ಲು!" ಎಂದಳು. ಆಮೇಲೆ ಅವಳ ಎಲ್ಲ ಚಿತ್ರಗಳೂ ಹಸಿರು.

ಪ್ರದರ್ಶನದಲ್ಲಿ ಒಬ್ಬ ಮಹಾಶಯ ಬಂದು, ಮೀಸೆಯಡಿಯಲ್ಲಿ ನಗುತ್ತಾ, ಇದು ಯಾರ ಮೈ ಎಂದು ಮೂರು ನಾಲ್ಕು ಸಲ ಕೇಳಿದ. ನನಗೆ ಚಪ್ಪಲಿ ಕೈಗೆ ಬಂದಿತ್ತು. ಗೋಮತಿ ಶಾಂತವಾಗಿ, "ಅದೆಲ್ಲ ನಮ್ಮ ಮನೆ ಎಣ್ಣೆ ಸಾರ್, ಕಲಬೆರಕೆ ಇಲ್ಲ" ಎಂದಳು. ಅವನು ಹೊರಟುಹೋದ.

ತನ್ನ ಮೈಯನ್ನು ಮಾತ್ರ ಅಲ್ಲ, ಅವಳು ಬೇರೆಯವರನ್ನೂ ಒತ್ತಿದಳು. ತಂಗವೇಲು ಅಣ್ಣ ಇಲ್ಲಿ ನಿಂತಿದ್ದಾರೆ. ಇದೇ ಶೆಡ್ಡಿನಲ್ಲಿ ಅವರ ಬಲಗೈಯ ಎರಡು ಬೆರಳು ಹೋದವು. ಕೈ ಅಚ್ಚು ಕೊಡಿ ಎಂದರೆ ಎಡಗೈ ಚಾಚಿದರು. ಗೋಮತಿ, "ಅದು ಬೇಡಣ್ಣಾ, ಕೆಲಸ ಮಾಡೋ ಕೈ ಕೊಡಿ" ಎಂದಳು. ಬಹಳ ಹೊತ್ತು ಲುಂಗಿಯೊಳಗೆ ಕೈ ಮುಚ್ಚಿಟ್ಟುಕೊಂಡು ನಿಂತಿದ್ದರು. ಆಮೇಲೆ ಕೊಟ್ಟರು. ಇವತ್ತು ಆ ಮೂರು ಬೆರಳಿನ ಅಚ್ಚು ಅವರ ಮನೆಯ ಗೋಡೆಯಲ್ಲಿ, ಮಗಳ ಮದುವೆ ಫೋಟೋದ ಪಕ್ಕದಲ್ಲಿದೆ. ಅಲ್ಲವಾ ಅಣ್ಣಾ? — ಇರಲಿ, ಇರಲಿ. ಅಳಬೇಡಿ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಕಾರ್ಯ ಮುಗಿದ ಮರುದಿನ ಅಮ್ಮ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. "ಟೀಚರ್, ಒಂದು ಕೇಳ್ಳಾ? ಕೈ ಒತ್ತಿದ್ಲು, ಬೆನ್ನು ಒತ್ತಿದ್ಲು, ಕಾಲು ಒತ್ತಿದ್ಲು. ಮೊಗ ಮಟ್ಟುಂ ಒತ್ತಲೇ ಇಲ್ಲ. ಯಾಕೆ? ನಾನು ಅವತ್ತು ಸ್ಟುಡಿಯೋದಲ್ಲಿ ಹೇಳಿದ್ನಲ್ಲ... ಅದಕ್ಕಾ? ನನ್ ಮೇಲೆ ಕೋವಮಾ ಅವಳಿಗೆ?"

ನನ್ನ ಬಳಿ ಉತ್ತರ ಇತ್ತು. ಆದರೆ ಮಾತು ತಿರುಗಿಸಿದೆ. ಯಾಕೆಂದರೆ ಗೋಮತಿ ಮುಖ ಒತ್ತಿದ್ದಳು. ಒಂದೇ ಒಂದು ಸಲ. ಒತ್ತಿದ್ದು ನನ್ನ ಈ ಕೈಗಳೇ.

ಒಂದು ಶನಿವಾರ, ಶಾಲೆ ಮುಗಿಸಿ ಬಂದಿದ್ದೆವು. ಅವಳು ಮುಖಕ್ಕೆ ಎಣ್ಣೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು. ನಾನು ಕಾಗದ ಹಿಡಿದು ಒತ್ತಿದೆ. ಅರಪ್ಪು ಉದುರಿಸಿ ಕೊಡವಿದೆವು. ಹುಬ್ಬು ಬಂತು, ಮೂಗು ಬಂತು, ತುಟಿಯ ಗೆರೆ ಗೆರೆಯೂ ಬಂತು. ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನು ಕುಣಿದೆ. ಅವಳು ನೋಡುತ್ತಲೇ ಇದ್ದಳು. ಆಮೇಲೆ ಹೇಳಿದಳು: "ಅಕ್ಕಾ, ಇದೂ ಆ ಸ್ಟುಡಿಯೋದವನ ಕೆಲಸಾನೇ ಮಾಡಿಬಿಡ್ತು."

ಆಗ ನನಗೂ ಕಂಡಿತು. ಎಣ್ಣೆ ಮುಖದ ಉಬ್ಬುತಗ್ಗನ್ನು ಹಿಡಿಯುತ್ತದೆ, ಬಣ್ಣವನ್ನು ಹಿಡಿಯುವುದಿಲ್ಲ. ಎಡಗೆನ್ನೆ ಬಲಗೆನ್ನೆಯಷ್ಟೇ ಶುಭ್ರವಾಗಿತ್ತು. ಮಚ್ಚೆ ಇರಲಿಲ್ಲ.

ನಾಚಿಕೆಯಿಂದ ಮುಖ ಮರೆಸಿದಳು ಎಂದು ಪ್ರದರ್ಶನ ನೋಡಿದ ದೊಡ್ಡವರು ಬರೆದರು, ಮಾತಾಡಿದರು. ಇಲ್ಲ ಸ್ವಾಮಿ. ಮಚ್ಚೆ ಇಲ್ಲದ ಮುಖ ಅವಳಿಗೆ ಬೇಡವಾಗಿತ್ತು. ಅದು ಅವಳ ಮುಖವೇ ಆಗಿರಲಿಲ್ಲ. ಅಷ್ಟೇ ವಿಷಯ!

ಹಾಗಾದರೆ ಮಚ್ಚೆಯನ್ನು ಬರೆದುಬಿಡು ಎಂದೆ. ಡ್ರಾಯಿಂಗ್ ಟೀಚರ್ ಅಲ್ಲವೇ ನಾನು, ನನಗೆ ಹೊಳೆಯುವುದು ಅಷ್ಟೇ. "ನಾನ್ ಎಲ್ಲಿ ನೋಡಿದೀನಿ ಅಕ್ಕಾ ಅದನ್ನ? ಕನ್ನಡೀಲಿ ನೋಡೋದೇ ಬಿಟ್ಟು ಎಷ್ಟು ವರ್ಷ ಆಯ್ತು. ಎಲ್ಲಿ ಸುರು, ಎಲ್ಲಿ ಮುಗೀತದೆ, ಅಮ್ಮಂಗೆ ತಾನ್ ಗೊತ್ತು" ಎಂದಳು. ಕಾಗದ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. "ನೀವೇ ಇಟ್ಕೊಳ್ಳಿ. ಅಮ್ಮಂಗೆ ಮಟ್ಟುಂ ತೋರಿಸ್ಬೇಡಿ."

ಯಾಕೆ ಎಂದೆ.

"ನೋಡಿ ಸಂತೋಷಪಟ್ಟುಬಿಟ್ರೆ?" ಎಂದಳು.

ಈ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು. ಅಮ್ಮನಿಗೆ ಹೇಗೆ ಹೇಳಲಿ? ನಿಮ್ಮ ಮಗಳಿಗೆ ಕೋಪ ಇರಲಿಲ್ಲಮ್ಮ, ಭಯ ಇತ್ತು — ಮಚ್ಚೆಯಿಲ್ಲದ ಮುಖ ಕಂಡು ನೀವು ಖುಷಿಪಟ್ಟೀರಿ ಎನ್ನುವ ಭಯ. ಇದನ್ನು ಹೆತ್ತ ಕರುಳಿಗೆ ಹೇಗೆ ಹೇಳಲಿ?

ಆದರೆ ಇವತ್ತಿನ ಸಭೆಗೆ ಗೋಡೆಯ ಮೇಲೆ ಹಾಕಲು ಏನೂ ಇರಲಿಲ್ಲ. ನಿನ್ನೆ ಬೆಳಿಗ್ಗೆ ಆ ಸುರುಳಿ ಹಿಡಿದು ಕಾಂಗೇಯಂ ಬಸ್ಸು ಹತ್ತಿದೆ. ಗೋಮತಿ, ನಿನ್ನ ಮಾತು ಮೀರಿದೆ. ಅಲ್ಲಿ ಸಿಕ್ಕಾಗ ಬೈದುಕೋ.

ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ಕಾಗದ ಬಿಚ್ಚಿ ಅವರ ಮಡಿಲಿನಲ್ಲಿಟ್ಟೆ. ಅಮ್ಮ ನೋಡಿದರು. ಹುಬ್ಬಿನ ಮೇಲೆ ಬೆರಳಾಡಿಸಿದರು, ಪುಡಿ ಉದುರದ ಹಾಗೆ, ಮುಟ್ಟಿಯೂ ಮುಟ್ಟದ ಹಾಗೆ. ತುಟಿ ನೋಡಿದರು. ಕೆನ್ನೆಗೆ ಬಂದರು.

"ಮಚ್ಚ ಎಲ್ಲಿ?" ಅಂದರು.

ನಾನು ಕಾಗದದ ಅಂಚು ಸರಿಮಾಡಿದೆ.

"ಟೀಚರ್, ಇದ್ರಲ್ಲಿ ನನ್ ಪುಳ್ಳೆ ಮಚ್ಚ ಎಲ್ಲಿ? ಯಾರು ತೆಗ್ದಿದ್ದು?" — ಗದರಿಸಿಯೇ ಕೇಳಿದರು. ನಾನೇ ಕದ್ದವಳ ಹಾಗೆ.

ಆಗ ಎಲ್ಲ ಹೇಳಿದೆ. ಎಣ್ಣೆ ಮಚ್ಚೆ ಹಿಡಿಯದ್ದು, ಅವಳು ಹೇಳಿದ್ದು, "ಸಂತೋಷಪಟ್ಟುಬಿಟ್ರೆ" ಎಂದದ್ದು — ಅದನ್ನೂ ಹೇಳಿದೆ. ಅಮ್ಮ ತುಂಬ ಅತ್ತರು. ನಾನೂ ಅತ್ತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಎಣ್ಣೆ ಕೊಂಡಾ ಕಣ್ಣು" ಎಂದು ಸೊಸೆಗೆ ಎಣ್ಣೆ ತರಲು ಹೇಳಿದರು. ಎಣ್ಣೆ ಬಂತು. ಅರಪ್ಪು ಬಂತು.

ಅಚ್ಚಿನಲ್ಲಿ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ನಾನಾಗಿದ್ದರೆ ಗಡಿಬಿಡಿಯಲ್ಲಿ ಬಲಗೆನ್ನೆಗೇ ಇಟ್ಟುಬಿಡುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡರು. ಮಣೆಯ ಮೇಲೆ ಕುಳಿತ ಮಗಳ ಮುಖವನ್ನು ಹಿಂದಿನಿಂದ ಹಿಡಿಯುತ್ತಿದ್ದರಲ್ಲ — ಹೀಗೆ, ಎರಡೂ ಕೈಯಲ್ಲಿ — ಹಾಗೆ ಕಾಗದದ ಮೇಲೆ ಕೈ ತಂದರು. ಎಡಗೈಯ ಬೆರಳು ತಾನಾಗಿ ಎಡಗೆನ್ನೆಗೆ ಹೋಯಿತು. ಎಣ್ಣೆಯಲ್ಲಿ ಅದ್ದಿ, ಕಿವಿಯ ಕೆಳಗಿಂದ ಶುರುಮಾಡಿ, ದವಡೆಯವರೆಗೆ, ಅಂಚಿನಲ್ಲಿ ಒಂದು ಚಿಕ್ಕ ಕೊಂಕು — ಆ ಕೊಂಕನ್ನು ನಾನು ಇಷ್ಟು ವರ್ಷ ಎದುರಿಗೆ ಕುಳಿತು ಉಂಡರೂ ಗಮನಿಸಿರಲಿಲ್ಲ. ಆಮೇಲೆ ಅರಪ್ಪು. ಉದುರಿಸಿದರು, ತಿಕ್ಕಲಿಲ್ಲ. ಮೆಲ್ಲಗೆ ಊದಿದರು.

ಅಲ್ಲಿ ಗೋಮತಿ ಇದ್ದಳು. ನಮ್ಮ ಗೋಮತಿ.

ಬಂಧುಗಳೇ, ಅದೇ ಈ ಸೀರೆಯ ಕೆಳಗಿರುವುದು. ಈ ಸೀರೆ ಅವತ್ತು ಅಮ್ಮ ಹಗ್ಗದಿಂದ ಎಳೆದು ಮಗಳ ಬೆನ್ನಿಗೆ ಹೊದಿಸಿದ ಅದೇ ಸೀರೆ. ಇವತ್ತು ಅದನ್ನು ತೆಗೆಯುವವರೂ ಅವರೇ. ಸೆಂದಿಲ್, ಅಮ್ಮನ ಕೈ ಹಿಡಿದು ಕರೆದುಕೊಂಡು ಬನ್ನಿ. ನಿಧಾನ. ಅಮ್ಮ, ಬನ್ನಿ.

ದಂಡಪಾಣಿಯವರೇ, ಇನ್ನೊಂದು ಸ್ವಲ್ಪ ಹೊತ್ತು ಮೆಷಿನು ಹಾಕಬೇಡಿ. ಮಕ್ಕಳೇ, ತಲೆ ತಗ್ಗಿಸಬೇಡಿ, ಅವಳ ಮುಖ ನೋಡಿ. ಫೋಟೋ ಬೇಡವೆಂದು ಆಚೆ ತಿರುಗುತ್ತಿದ್ದವಳು ಇವತ್ತು ತಿರುಗುವುದಿಲ್ಲ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ಸ್ವಲ್ಪ ಹೊತ್ತು ಮೌನವಾಗಿ ಅವಳ ಜೊತೆ ಇರೋಣ. ಆಮೇಲೆ ಒಬ್ಬೊಬ್ಬರಾಗಿ ಬಂದು ಹೂವಿಡಿ. ಒಂದೇ ಒಂದು ವಿನಂತಿ — ಹಾರವನ್ನು ಸ್ವಲ್ಪ ಕೆಳಗೆ ಹಾಕಿ. ಎಡಗೆನ್ನೆಗೆ ತಾಗಬಾರದು. ಅಮ್ಮ ಇಟ್ಟ ಮಚ್ಚೆ ಇನ್ನೂ ಹಸಿಯಾಗಿದೆ.